ನಿನ್ನೆ ಮಾಡಿದ್ದಕ್ಕೆ ಇವತ್ತು ಉತ್ತರ ಕೊಡುವವರು ಯಾರು? ಲಾಕ್‌ನಿಂದ ರೀಡ್‌ವರೆಗೆ

ಸಂಜೆಓದು:

ತತ್ವಶಾಸ್ತ್ರದ ನೋಟ್ಸ್‌ಗಳಲ್ಲಿ 17ನೇ ಶತಮಾನದ ಇಂಗ್ಲಿಷ್ ತತ್ವಜ್ಞಾನಿ ಜಾನ್ ಲಾಕ್‌ಗೆ ಸಿಗುವುದು ಒಂದೇ ಸಾಲು. ನೆನಪು ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೆ ನಾನು ಅದೇ ನಾನು, ಅಷ್ಟೇ. ಅದರ ಕೆಳಗೇ ಮುಂದಿನ ಶತಮಾನದ ಸ್ಕಾಟಿಷ್ ತತ್ವಜ್ಞಾನಿ ಥಾಮಸ್ ರೀಡ್ ಬಂದು ಆ ಸಾಲನ್ನು ಬೀಳಿಸುತ್ತಾನೆ. ಪಾಠ ಮುಗಿಯಿತು. ಇದರಿಂದ ಲಾಕ್‌ಗೆ ಅನ್ಯಾಯ ಆಗಿದೆ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಲಾಕ್ ಇದನ್ನು ಬರೆದ ಅಧ್ಯಾಯವನ್ನು ಕೊನೆಯಿಂದ ಹಿಂದಕ್ಕೆ ಓದಿ ನೋಡಿ, ಬೇರೆಯೇ ವಿಷಯ ಕಾಣುತ್ತದೆ.

ಮೊದಲು ಹಿನ್ನೆಲೆ. ಮನುಷ್ಯನ ತಿಳಿವಳಿಕೆಯ ಬಗ್ಗೆ ಅವನು ಬರೆದ ದೊಡ್ಡ ಪ್ರಬಂಧದ 1690ರ ಮೊದಲ ಮುದ್ರಣದಲ್ಲಿ ಈ ಅಧ್ಯಾಯವೇ ಇರಲಿಲ್ಲ. ಡಬ್ಲಿನ್‌ನ ಗೆಳೆಯ ವಿಲಿಯಂ ಮಾಲಿನ್ಯೂ ಪತ್ರ ಬರೆದು, ‘ಅದೇ’ ಎಂದು ಯಾವಾಗ ಹೇಳಬಹುದು ಎನ್ನುವುದನ್ನು ಸ್ವಲ್ಪ ಬಿಡಿಸಿ ಬರೆಯಿರಿ ಎಂದು ಕೇಳಿದ. 1694ರ ಎರಡನೇ ಮುದ್ರಣಕ್ಕೆ ಅದು ಎರಡನೇ ಪುಸ್ತಕದ 27ನೇ ಅಧ್ಯಾಯವಾಗಿ ಸೇರಿತು. ಆ ಹೊತ್ತಿನಲ್ಲಿ ಇದು ಸುಮ್ನೆ ಕೂತು ಆಡುವ ಮಾತಾಗಿರಲಿಲ್ಲ. ದೇವರು ಒಬ್ಬನೇ, ಆದರೆ ವ್ಯಕ್ತಿಗಳು ಮೂವರು ಎಂಬ ಚರ್ಚಿನ ನಂಬಿಕೆಯ ಬಗ್ಗೆ ಇಂಗ್ಲೆಂಡಿನಲ್ಲಿ ದೊಡ್ಡ ಜಗಳ ನಡೆಯುತ್ತಿತ್ತು. 1697ರ ಜನವರಿಯಲ್ಲಿ ಎಡಿನ್‌ಬರೋದಲ್ಲಿ ಥಾಮಸ್ ಐಕನ್‌ಹೆಡ್ ಎಂಬ ವಿದ್ಯಾರ್ಥಿಯನ್ನು ದೈವನಿಂದೆಯ ಆರೋಪದ ಮೇಲೆ ಗಲ್ಲಿಗೆ ಹಾಕಿದರು. ಆ ನಂಬಿಕೆಯನ್ನು ಹೀಗಳೆದದ್ದೂ ಅವನ ಮೇಲಿನ ದೂರುಗಳಲ್ಲಿ ಒಂದು. ಇನ್ನೊಂದು ಕಡೆ, ಸತ್ತವರು ಕೊನೆಯ ತೀರ್ಪಿನ ದಿನ ಎದ್ದು ಬರುತ್ತಾರೆ ಅಂದರೆ ಯಾವ ದೇಹದಲ್ಲಿ, ಎದ್ದವನು ಸತ್ತವನೇ ಅಂತ ಹೇಗೆ ಹೇಳುವುದು ಎಂಬ ಪ್ರಶ್ನೆ.

ಲಾಕ್ ಮೂರು ಪ್ರಶ್ನೆಗಳನ್ನು ಬೇರೆ ಬೇರೆ ಇಡುತ್ತಾನೆ. ಅದೇ ದ್ರವ್ಯವೇ, ಅಂದರೆ ಅದೇ ಮೂಲವಸ್ತುವೇ? ಅದೇ ಮನುಷ್ಯನೇ? ಅದೇ ವ್ಯಕ್ತಿಯೇ? ಓಕ್ ಸಸಿ ದೊಡ್ಡ ಮರವಾದರೂ ಅದೇ ಮರ. ಅದರ ಕಣಗಳೆಲ್ಲ ಬದಲಾಗಿರಬಹುದು, ಆದರೆ ಒಂದೇ ಜೀವ ಮುಂದುವರಿದಿದೆ. ಮನುಷ್ಯನೂ ಹಾಗೇ. ವ್ಯಕ್ತಿ ಮಾತ್ರ ಬೇರೆ. ವ್ಯಕ್ತಿ ಅಂದರೆ ಯೋಚಿಸಬಲ್ಲ, ಬೇರೆ ಬೇರೆ ಕಾಲ, ಬೇರೆ ಬೇರೆ ಜಾಗದಲ್ಲಿದ್ದೂ ತನ್ನನ್ನು ‘ಇದು ನಾನೇ’ ಎಂದು ಕಾಣಬಲ್ಲ ಜೀವಿ. ರಾಜಕುಮಾರನ ಅರಿವು, ಅವನ ಹಿಂದಿನ ಬದುಕಿನ ನೆನಪಿನ ಸಮೇತ, ಒಬ್ಬ ಚಮ್ಮಾರನ ದೇಹಕ್ಕೆ ಬಂದರೆ ಏನಾಗುತ್ತದೆ? ನೋಡಿದವರೆಲ್ಲ ಅವನನ್ನು ಚಮ್ಮಾರ ಎಂದೇ ಕರೆಯುತ್ತಾರೆ. ಆದರೆ ರಾಜಕುಮಾರ ಮಾಡಿದ್ದಕ್ಕೆ ಹೊಣೆ ಅವನೇ.

ಆತ್ಮ ಒಂದೇ ಆಗಿದ್ದರೆ ಸಾಲದೇ? ಸಾಲದು ಅನ್ನುತ್ತಾನೆ. ತನ್ನೊಳಗಿರುವುದು ಸಾಕ್ರಟೀಸನ ಆತ್ಮ ಎಂದು ನಂಬಿದ್ದ ಒಬ್ಬನನ್ನು ಲಾಕ್ ಭೇಟಿ ಮಾಡಿದ್ದನಂತೆ. ಇರಬಹುದು. ಆದರೆ ಸಾಕ್ರಟೀಸ್ ಮಾಡಿದ್ದು, ಅಂದುಕೊಂಡದ್ದು ಯಾವುದೂ ಇವನ ಅರಿವಿಗೆ ಬರದಿದ್ದರೆ ಇವನು ಸಾಕ್ರಟೀಸ್ ಎಂಬ ವ್ಯಕ್ತಿ ಹೇಗಾದಾನು? ಬದಲಿಗೆ, ಥೇಮ್ಸ್ ನದಿಯಲ್ಲಿ ಹೋದ ಚಳಿಗಾಲ ನೆರೆ ಬಂದದ್ದನ್ನು ಕಂಡ ಅರಿವೇ ಬೈಬಲ್ಲಿನ ನೋಹನ ಕಾಲದ ಪ್ರಳಯವನ್ನೂ ಕಂಡಿದ್ದರೆ, ಎರಡನ್ನೂ ಕಂಡವನು ನಾನೇ ಅಂತ ಲಾಕ್ ಹೇಳುತ್ತಾನೆ.

ಈಗ ಅದೇ ಅಧ್ಯಾಯದ 26ನೇ ಕಲಂಗೆ ಬನ್ನಿ. ‘ವ್ಯಕ್ತಿ’ ಎನ್ನುವುದು ನ್ಯಾಯಾಲಯದ ಮಾತು ಎಂದು ಅಲ್ಲಿ ನೇರವಾಗಿ ಬರೆಯುತ್ತಾನೆ. ಕೆಲಸಗಳನ್ನೂ ಅವುಗಳ ಪಾಪಪುಣ್ಯವನ್ನೂ ಯಾರ ತಲೆಗೆ ಕಟ್ಟಬೇಕು ಎಂದು ತೀರ್ಮಾನಿಸಲು ಇರುವ ಮಾತು. ಸುಖದುಃಖ ಅರಿಯಬಲ್ಲ, ಕಾನೂನಿಗೆ ಒಳಪಡಬಲ್ಲ ಜೀವಿಗೆ ಮಾತ್ರ ಅದು ಸಲ್ಲುತ್ತದೆ. ನಾನು ಯಾವುದರಿಂದ ಆಗಿದ್ದೇನೆ ಎಂಬ ಫ್ರೆಂಚ್ ತತ್ವಜ್ಞಾನಿ ಡೆಕಾರ್ಟ್‌ನ ಪ್ರಶ್ನೆಯನ್ನು ಲಾಕ್ ಪಕ್ಕಕ್ಕಿಟ್ಟು, ಇದಕ್ಕೆ ಉತ್ತರ ಕೊಡಬೇಕಾದವರು ಯಾರು ಎಂದು ಕೇಳುತ್ತಿದ್ದಾನೆ. ನನ್ನ ಓದು ಇದು. ಒಪ್ಪದವರು ಬರೆಯಿರಿ.

ಬಿಎ_ಕೊನೆವರ್ಷ:

ಸರ್, ನಮಗೆ ಲಾಕ್ ಪಾಠ ಇದೆ. ರೀಡ್‌ನ ಸೇನಾಧಿಕಾರಿಯ ಉದಾಹರಣೆ ಓದಿದ ಮೇಲೆ ಲಾಕ್ ಸೋತ ಅಂತಲೇ ಅನಿಸಿತ್ತು. ನೀವು ಹೇಳುವ ಹಾಗೆ ಓದಿದರೆ ಆ ಏಟು ತಪ್ಪುತ್ತದಾ? ಇನ್ನೊಂದು, ಅದೇ ಅಧ್ಯಾಯದಲ್ಲಿ ಒಂದು ಗಿಳಿಯ ಕಥೆ ಬರುತ್ತದೆ. ಅದು ಯಾಕಿದೆ ಅಂತ ಯಾರೂ ಹೇಳಲಿಲ್ಲ.

ಕೆರೆದಂಡೆ:

ಗಿಳಿಯಿಂದ ಶುರು ಮಾಡುತ್ತೇನೆ, ಅದು ನನ್ನ ಇಷ್ಟದ ಪುಟ. ಡಚ್ಚರ ಕೈಯಲ್ಲಿದ್ದ ಬ್ರೆಜಿಲ್‌ಗೆ ನಸಾವ್‌ನ ಮಾರಿಸ್ ರಾಜಕುಮಾರ ಗವರ್ನರ್ ಆಗಿದ್ದ. ಪ್ರಶ್ನೆ ಕೇಳಿದರೆ ಉತ್ತರ ಕೊಡುವ ಒಂದು ಮುದಿ ಗಿಳಿಯನ್ನು ಅಲ್ಲಿ ಅವನ ಮುಂದೆ ತಂದರು. ಎಲ್ಲಿಂದ ಬಂದೆ ಅಂದರೆ ಊರಿನ ಹೆಸರು ಹೇಳಿತು. ಯಾರವನು ನೀನು ಅಂದರೆ ಒಬ್ಬ ಪೋರ್ಚುಗೀಸನವನು ಎಂದಿತು. ಅಲ್ಲಿ ಏನು ಕೆಲಸ? ಕೋಳಿ ಕಾಯುತ್ತೇನೆ. ರಾಜಕುಮಾರ ನಕ್ಕು, ನೀನು ಕೋಳಿ ಕಾಯುತ್ತೀಯಾ ಅಂದ. ಹೌದು, ಚೆನ್ನಾಗಿಯೇ ಕಾಯುತ್ತೇನೆ ಎಂದು ಹೇಳಿ, ಕೋಳಿಗಳನ್ನು ಕರೆಯುವ ಸದ್ದನ್ನು ನಾಲ್ಕೈದು ಸಲ ಮಾಡಿ ತೋರಿಸಿತು. ಗಿಳಿ ಆಡಿದ್ದು ಅಲ್ಲಿನ ಭಾಷೆ. ಅದಕ್ಕೆ ಇಬ್ಬರು ದುಭಾಷಿಗಳಿದ್ದರು. ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದಾಗ ಒಂದೇ ಉತ್ತರ ಬಂತು. ಇದು ಸರ್ ವಿಲಿಯಂ ಟೆಂಪಲ್ ಬರೆದಿಟ್ಟ ವೃತ್ತಾಂತ, ಲಾಕ್ ಅದನ್ನು ಉದ್ದಕ್ಕೆ ಎತ್ತಿ ಹಾಕುತ್ತಾನೆ.

ಯಾಕೆ? ಇಂಥ ಗಿಳಿ ನಿಜವಾಗಿಯೂ ಇದ್ದರೂ ನಾವು ಅದನ್ನು ಮನುಷ್ಯ ಅನ್ನುವುದಿಲ್ಲ, ಬುದ್ಧಿ ಇರುವ ಗಿಳಿ ಅನ್ನುತ್ತೇವೆ. ಹಾಗೇ ಬುದ್ಧಿಯೇ ಇಲ್ಲದ ಮನುಷ್ಯ ದೇಹವನ್ನು ಮನುಷ್ಯ ಎಂದೇ ಕರೆಯುತ್ತೇವೆ. ಅಂದಮೇಲೆ ಮನುಷ್ಯ ಎನ್ನುವುದು ಈ ಆಕಾರದ ದೇಹಕ್ಕೆ ಅಂಟಿದ್ದು. ಇದರ ಮುಂದಿನ ಕಲಮಿನಲ್ಲೇ ವ್ಯಕ್ತಿ ಅಂದರೆ ಏನು ಎಂದು ಹೇಳುತ್ತಾನೆ, ಅಲ್ಲಿ ಆಕಾರದ ಮಾತೇ ಇಲ್ಲ. ಗಿಳಿ ವ್ಯಕ್ತಿಯೇ ಅಂತ ಲಾಕ್ ಹೇಳುವುದಿಲ್ಲ. ಬಾಗಿಲು ಮಾತ್ರ ತೆರೆದಿಟ್ಟಿದ್ದಾನೆ.

ಈಗ ಸೇನಾಧಿಕಾರಿ. 1785ರಲ್ಲಿ ರೀಡ್ ಬರೆದದ್ದು: ಒಬ್ಬ ಹುಡುಗ ತೋಟದಲ್ಲಿ ಹಣ್ಣು ಕದ್ದು ಶಾಲೆಯಲ್ಲಿ ಏಟು ತಿಂದ. ಅವನೇ ಮುಂದೆ ಮೊದಲ ಯುದ್ಧದಲ್ಲಿ ಶತ್ರುವಿನ ಧ್ವಜ ಕಿತ್ತುಕೊಂಡ. ವಯಸ್ಸಾದ ಮೇಲೆ ಜನರಲ್ ಆದ. ಧ್ವಜ ಕಿತ್ತಾಗ ಏಟು ನೆನಪಿತ್ತು. ಜನರಲ್ ಆದಾಗ ಧ್ವಜ ನೆನಪಿದೆ, ಏಟು ಮರೆತೇ ಹೋಗಿದೆ. ಲಾಕ್ ಲೆಕ್ಕದಲ್ಲಿ ಹುಡುಗ ಮತ್ತು ಅಧಿಕಾರಿ ಒಬ್ಬನೇ, ಅಧಿಕಾರಿ ಮತ್ತು ಜನರಲ್ ಒಬ್ಬನೇ, ಆದರೆ ಹುಡುಗ ಮತ್ತು ಜನರಲ್ ಇಬ್ಬರು. ಇದು ಕೂಡಿ ಬರುವುದಿಲ್ಲ. ಇದೇ ಲೆಕ್ಕವನ್ನು ಐರಿಷ್ ತತ್ವಜ್ಞಾನಿ ಬರ್ಕ್ಲಿ 1732ರಲ್ಲೇ ಹಾಕಿದ್ದ. ರೀಡ್ ಅದಕ್ಕೆ ಮರೆಯಲಾಗದ ಕಥೆ ಕೊಟ್ಟ.

ಸಂಜೆಓದು ಅವರ ಓದಿನಿಂದ ಏಟು ಪೂರ್ತಿ ತಪ್ಪುವುದಿಲ್ಲ, ಆದರೆ ಬೀಳುವ ಜಾಗ ಬದಲಾಗುತ್ತದೆ. ಲಾಕ್ ಕೇಳಿದ್ದು ಹೊಣೆಯ ಬಗ್ಗೆ ಆದರೆ, ಹಣ್ಣು ಕದ್ದದ್ದಕ್ಕೆ ಮುದಿ ಜನರಲ್ ಉತ್ತರ ಕೊಡಬೇಕಾ ಎನ್ನುವುದೇ ಪ್ರಶ್ನೆ. ಬೇಡ ಎಂದು ಹೇಳಿದರೆ ಅದು ಅಸಂಬದ್ಧ ಅಲ್ಲವೇ ಅಲ್ಲ.

ನನಗೆ ರೀಡ್‌ಗಿಂತ ಇಂಗ್ಲಿಷ್ ಪಾದ್ರಿ ಜೋಸೆಫ್ ಬಟ್ಲರ್ ಗಟ್ಟಿ ಅನಿಸುತ್ತಾನೆ. 1736ರಲ್ಲಿ ಅವನು ಹೇಳಿದ್ದು ಇಷ್ಟೇ: ‘ಇದನ್ನು ಮಾಡಿದ್ದು ನಾನೇ’ ಎಂಬ ಅರಿವು ಬರಬೇಕಾದರೆ, ಮಾಡಿದವನು ನಾನೇ ಆಗಿರುವುದು ಅದಕ್ಕೂ ಮೊದಲೇ ನಿಜ ಇರಬೇಕು. ಸತ್ಯವನ್ನು ತಿಳಿದುಕೊಳ್ಳುವುದರಿಂದ ಸತ್ಯ ಹುಟ್ಟುವುದಿಲ್ಲ. ಹಾಗೇ ನಾನು ಎಂದು ಅರಿಯುವುದರಿಂದ ನಾನು ಹುಟ್ಟುವುದಿಲ್ಲ. ಇದಕ್ಕೆ ಲಾಕ್ ಏನು ಹೇಳುತ್ತಿದ್ದ ಅಂತ ನೀವೇ ಹೇಳಬೇಕು.

ಕೋರ್ಟ್‌ಕಟ್ಟೆ:

ನಾನು ವಕೀಲ. ನ್ಯಾಯಾಲಯದ ಮಾತು ಅಂದದ್ದಕ್ಕೆ ಬಂದೆ. 22ನೇ ಕಲಮಿನ ಕುಡುಕನ ಬಗ್ಗೆ ಯಾರೂ ಎತ್ತಿಲ್ಲ.

ಕುಡಿದ ಮತ್ತಿನಲ್ಲಿ ಒಬ್ಬ ಏನೋ ಮಾಡಿದ. ಮತ್ತು ಇಳಿದ ಮೇಲೆ ಅವನಿಗೆ ಒಂದೂ ಗೊತ್ತಿಲ್ಲ. ಅರಿವೇ ವ್ಯಕ್ತಿಯಾದರೆ ಶಿಕ್ಷೆ ಯಾರಿಗೆ? ಮನುಷ್ಯರ ಕೋರ್ಟು ಶಿಕ್ಷೆ ಕೊಡುವುದು ಸರಿಯೇ ಅನ್ನುತ್ತಾನೆ ಲಾಕ್. ಕೃತ್ಯ ಸಾಬೀತಾಗಿದೆ. ಅರಿವಿರಲಿಲ್ಲ ಎನ್ನುವುದನ್ನು ಅವನ ಪರವಾಗಿ ಸಾಬೀತು ಮಾಡಲು ಆಗುವುದಿಲ್ಲ. ಆದರೆ ಎಲ್ಲರ ಎದೆಯ ಗುಟ್ಟು ಬಯಲಾಗುವ ಆ ಮಹಾದಿನ, ತನಗೆ ಏನೂ ತಿಳಿಯದ ಕೆಲಸಕ್ಕೆ ಯಾರೂ ಉತ್ತರ ಕೊಡಬೇಕಾಗುವುದಿಲ್ಲ.

ಮಾಲಿನ್ಯೂಗೆ ಇದು ಒಪ್ಪಿಗೆಯಾಗಲಿಲ್ಲ. 1693ರ ಡಿಸೆಂಬರ್‌ನಲ್ಲೇ ಪತ್ರ ಬರೆದ. ನಿದ್ದೆಯಲ್ಲಿ ಎದ್ದು ನಡೆಯುವವನೂ ಕುಡುಕನೂ ಒಂದೇ ಅಲ್ಲ. ಕುಡಿಯುವುದೇ ತಪ್ಪು, ಅದನ್ನು ಅವನು ತಿಳಿದೇ ಮಾಡಿದ್ದಾನೆ. ಒಂದು ತಪ್ಪು ಇನ್ನೊಂದು ತಪ್ಪಿಗೆ ನೆಪ ಆಗಬಾರದು. ಕುಡಿತ ಬೇಕೆಂದೇ ತಂದುಕೊಂಡ ಸ್ಥಿತಿಯಾದ್ದರಿಂದ, ಅರಿವಿರಲಿಲ್ಲ ಎಂದು ಕುಡುಕನ ಪರವಾಗಿ ಊಹಿಸಿಕೊಳ್ಳಬಾರದು ಅಂತ ಲಾಕ್ ಆಮೇಲೆ ಪತ್ರದಲ್ಲಿ ಒಪ್ಪಿದ.

ನಮ್ಮ ಕಾನೂನು ನಿಂತಿರುವುದು ಮಾಲಿನ್ಯೂ ಪಕ್ಕದಲ್ಲಿ. 1860ರ ದಂಡ ಸಂಹಿತೆಯ 85, 86ನೇ ಕಲಂ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 23, 24. ತಿಳಿಯದಂತೆ ಅಥವಾ ಬಲವಂತವಾಗಿ ಯಾರೋ ಕುಡಿಸಿ, ಏನು ಮಾಡುತ್ತಿದ್ದೇನೆಂದೇ ತಿಳಿಯದ ಸ್ಥಿತಿಗೆ ತಂದಿದ್ದರೆ ಅಪರಾಧವಲ್ಲ. ತಾನಾಗಿ ಕುಡಿದಿದ್ದರೆ, ಕುಡಿಯದೇ ಇದ್ದಿದ್ದರೆ ಅವನಿಗೆ ಎಷ್ಟು ತಿಳಿವಳಿಕೆ ಇರುತ್ತಿತ್ತೋ ಅಷ್ಟು ಇತ್ತು ಎಂದೇ ಕೋರ್ಟು ತೆಗೆದುಕೊಳ್ಳುತ್ತದೆ. ಇಲ್ಲಿ ನೆನಪಿನ ಪ್ರಶ್ನೆ ಬರುವುದೇ ಇಲ್ಲ ನೋಡಿ. ಆ ಗಳಿಗೆಯಲ್ಲಿ ಏನು ತಿಳಿದಿತ್ತು ಎನ್ನುವುದು ಬೇಕು, ಈಗ ಏನು ನೆನಪಿದೆ ಎನ್ನುವುದು ಬೇಡ. ‘ನೆನಪಿಲ್ಲ ಸ್ವಾಮಿ’ ಅಂದಮಾತ್ರಕ್ಕೆ ಯಾರೂ ಬಿಡುಗಡೆಯಾಗುವುದಿಲ್ಲ. ಲಾಕ್ ಈ ಎರಡನ್ನೂ ಅರಿವು ಎಂಬ ಒಂದೇ ಗಂಟಿನಲ್ಲಿ ಕಟ್ಟಿದ್ದಾನೆ. ತೊಡಕು ಅಲ್ಲೇ ಇದೆ.

ತುಂಗಭದ್ರಾ:

ವಕೀಲರೇ, ತುಂಬಾ ಚೆನ್ನಾಗಿ ಬಿಡಿಸಿದಿರಿ. ನನ್ನ ಕುತ್ತಿಗೆ ಹಿಡಿದು ನಿಲ್ಲಿಸಿದ್ದು 26ನೇ ಕಲಮಿನ ಇನ್ನೊಂದು ವಾಕ್ಯ. ಹಿಂದಿನ ಯಾವುದೋ ಜನ್ಮದಲ್ಲಿ ಮಾಡಿದ್ದಕ್ಕೆ ಒಬ್ಬನಿಗೆ ಈಗ ಶಿಕ್ಷೆ ಆಗುತ್ತಿದೆ ಅಂತಿಟ್ಟುಕೊಳ್ಳಿ. ಆ ಜನ್ಮದ ಅರಿವು ಅವನಿಗೆ ಬರಲು ಸಾಧ್ಯವೇ ಇಲ್ಲ. ಹಾಗಾದರೆ ಆ ಶಿಕ್ಷೆಗೂ, ಅವನನ್ನು ದುಃಖದಲ್ಲೇ ಹುಟ್ಟಿಸುವುದಕ್ಕೂ ಏನು ವ್ಯತ್ಯಾಸ?

ಲಾಕ್ ಇದನ್ನು ನಮ್ಮನ್ನು ಉದ್ದೇಶಿಸಿ ಬರೆದದ್ದಲ್ಲ, ಅವನ ಕಣ್ಣ ಮುಂದೆ ಇದ್ದವರು ಪೈಥಾಗೊರಸನ ಕಡೆಯವರು. ಆದರೆ ‘ಪೂರ್ವಜನ್ಮದ ಕರ್ಮ’ ಎಂದು ಹೇಳಿ ಒಬ್ಬರ ಕಷ್ಟವನ್ನು ಅವರ ತಲೆಗೇ ಕಟ್ಟುವ ನಾಡಿನಲ್ಲಿ ಬೆಳೆದ ನನಗೆ ಈ ವಾಕ್ಯ ಮನೆಬಾಗಿಲಿಗೇ ಬಂದ ಹಾಗಿದೆ.

ಕೆರೆದಂಡೆ:

ಇದಕ್ಕೆ ಉತ್ತರ ನಮ್ಮ ಕಡೆ ಲಾಕ್‌ಗಿಂತ ಎಷ್ಟೋ ಮೊದಲೇ ಇದೆ ಅಕ್ಕ. ಬೌದ್ಧರ ‘ಮಿಲಿಂದಪ್ರಶ್ನೆ’ಯಲ್ಲಿ ರಾಜ ಮಿಲಿಂದ ಇದನ್ನೇ ಕೇಳುತ್ತಾನೆ. ಮತ್ತೆ ಹುಟ್ಟುವುದು ಅದೇ ನಾಮರೂಪ (ಅಂದರೆ ಮನಸ್ಸು, ದೇಹ) ಅಲ್ಲ ಅನ್ನುವುದಾದರೆ ಮಾಡಿದ ಪಾಪದಿಂದ ಪಾರಾದ ಹಾಗಲ್ಲವೇ? ಭಿಕ್ಷು ನಾಗಸೇನ ಮಾವಿನಹಣ್ಣಿನ ಕಳ್ಳನ ಮಾತು ತೆಗೆಯುತ್ತಾನೆ. ನಾನು ಕದ್ದ ಹಣ್ಣು ಬೇರೆ, ತೋಟದವನು ನೆಟ್ಟ ಹಣ್ಣು ಬೇರೆ ಅಂತ ಕಳ್ಳ ವಾದಿಸಿದರೆ ಬಿಡುತ್ತೀಯಾ? ಇಲ್ಲ, ಇದು ಅದರಿಂದಲೇ ಬಂದದ್ದಲ್ಲವಾ ಅನ್ನುತ್ತಾನೆ ರಾಜ. ಅದೇ ಆಗಿರಬೇಕಿಲ್ಲ, ಅದರಿಂದ ಬಂದಿದ್ದರೆ ಸಾಕು. ಲಾಕ್ ಹೊಣೆಗೆ ಮೊದಲು ‘ಅದೇ ವ್ಯಕ್ತಿ’ ಬೇಕು ಎಂದ. ನಾಗಸೇನ ಅದಿಲ್ಲದೆಯೂ ಹೊಣೆ ಇದೆ ಎಂದ. ರೀಡ್‌ನ ಹುಡುಗನೂ ಹಣ್ಣಿನ ತೋಟಕ್ಕೇ ನುಗ್ಗಿದ್ದ ಅನ್ನುವುದು ನನಗೆ ಯಾವಾಗಲೂ ಖುಷಿ ಕೊಡುವ ಕಾಕತಾಳೀಯ.

ಬಟ್ಲರ್ ಪಕ್ಕದಲ್ಲಿ ನಿಲ್ಲುವವರೂ ನಮ್ಮಲ್ಲಿದ್ದಾರೆ. ‘ಅನುಸ್ಮೃತೇಶ್ಚ’ ಎಂಬ ಬ್ರಹ್ಮಸೂತ್ರಕ್ಕೆ ಶಂಕರರ ಭಾಷ್ಯ ನೋಡಿ. ಕಂಡವನೂ ನೆನೆಯುವವನೂ ಒಬ್ಬನೇ ಆಗಿರದಿದ್ದರೆ ‘ಅಂದು ಕಂಡದ್ದನ್ನು ಇಂದು ನೆನೆಯುತ್ತಿದ್ದೇನೆ’ ಎಂಬ ಮಾತೇ ನಿಲ್ಲುವುದಿಲ್ಲ ಅಂತ ಬೌದ್ಧರ ವಿರುದ್ಧ ವಾದ.

ತುಂಗಭದ್ರಾ:

ಮಾವಿನ ಉತ್ತರ ಕಳ್ಳನನ್ನು ಹಿಡಿಯುತ್ತದೆ, ಒಪ್ಪಿದೆ. ಆದರೆ ಶಿಕ್ಷೆ ಅನುಭವಿಸುವವನಿಗೆ ಯಾಕೆ ಎಂದು ತಿಳಿಯಬೇಕೋ ಬೇಡವೋ? ಲಾಕ್ ಕೇಳಿದ್ದು ಅದನ್ನು. ಯಾಕೆ ಎಂದು ತಿಳಿಯದ ಶಿಕ್ಷೆ ಶಿಕ್ಷೆಯೇ ಅಲ್ಲ, ಬರೀ ನೋವು. ಇದರಲ್ಲಿ ನಾನು ಲಾಕ್ ಪಕ್ಷ.

ಮರೆವಿನಮನೆ:

ನಾನು ಓದಿದ್ದು ಕಾಮರ್ಸ್. ನಮ್ಮ ಅತ್ತೆಗೆ ಡಿಮೆನ್ಷಿಯಾ. ಮನೆಯಲ್ಲಿ ಅವರನ್ನು ನೋಡಿಕೊಳ್ಳುವುದು ನಾನು. ಸಂಜೆಓದು ಅವರು ಬರೆದದ್ದನ್ನು ಓದಿ ಒಂದು ಪ್ರಶ್ನೆ. ತಾನು ಯಾರೆಂದೇ ಗೊತ್ತಿಲ್ಲದವರು ಲಾಕ್ ಲೆಕ್ಕದಲ್ಲಿ ವ್ಯಕ್ತಿಯೇ ಅಲ್ಲವಾ? ಅತ್ತೆ ಈಗಲೂ ಅಡುಗೆಮನೆಯ ಡಬ್ಬಿಗಳನ್ನು ತಮ್ಮದೇ ಕ್ರಮದಲ್ಲಿ ಜೋಡಿಸಿಡುತ್ತಾರೆ. ಮೆಣಸಿನಕಾಯಿ ಡಬ್ಬಿ ಬಲಗಡೆ ಕೊನೆಗೆ, ಸಾಸಿವೆ ಕೈಗೆ ಸಿಗುವ ಹಾಗೆ ಮುಂದೆ. ನನ್ನ ಹೆಸರು ಗೊತ್ತಿಲ್ಲ. ಅವರು ಅವರೇ ಅಲ್ಲ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಸಂಜೆಓದು:

ಮೇಡಂ, ಒಪ್ಪಬೇಡಿ. ಲಾಕ್ ಲೆಕ್ಕದಲ್ಲಿ ಅವರು ಅದೇ ಮನುಷ್ಯ, ಅದರಲ್ಲಿ ಅನುಮಾನವಿಲ್ಲ. ಅದೇ ವ್ಯಕ್ತಿ ಹೌದೋ ಅಲ್ಲವೋ ಅಂದರೆ ಅವನ ಉತ್ತರ ಕಠಿಣ. ಅದಕ್ಕೇ ಜರ್ಮನ್ ತತ್ವಜ್ಞಾನಿ ಲೈಬ್ನಿಟ್ಸ್ ಬೇಕು.

ಲಾಕ್‌ನ ಪ್ರಬಂಧಕ್ಕೆ ಲೈಬ್ನಿಟ್ಸ್ ಸಾಲು ಸಾಲಾಗಿ ಉತ್ತರ ಬರೆದ. 1704ರಲ್ಲಿ ಲಾಕ್ ತೀರಿಕೊಂಡ. ಉತ್ತರ ಕೊಡಲಾಗದವನ ಮೇಲೆ ಪುಸ್ತಕ ಪ್ರಕಟಿಸುವುದು ಬೇಡವೆಂದು ಲೈಬ್ನಿಟ್ಸ್ ಎತ್ತಿಟ್ಟ. ಅದು ಅಚ್ಚಾದದ್ದು 1765ರಲ್ಲಿ. ಅದರಲ್ಲಿ ಅವನು ಹೇಳುತ್ತಾನೆ: ಕಾಯಿಲೆ ಬಂದು ನನ್ನ ನೆನಪಿನಲ್ಲಿ ಒಂದು ಕಂದಕ ಬಿದ್ದರೆ, ಬೇರೆಯವರ ಸಾಕ್ಷಿ ಆ ಕಂದಕವನ್ನು ತುಂಬಬಹುದು. ನನ್ನ ಹೆಸರು, ಓದು ಬರಹ ಎಲ್ಲ ಮರೆತು ಮೊದಲಿನಿಂದ ಕಲಿಯಬೇಕಾಗಿ ಬಂದರೂ, ನಾನು ಹೇಗೆ ಬದುಕಿದ್ದೆ ಎಂದು ಬೇರೆಯವರಿಂದ ತಿಳಿಯಬಹುದು. ಅದಕ್ಕಾಗಿ ನನ್ನನ್ನು ಇಬ್ಬರು ವ್ಯಕ್ತಿಗಳಾಗಿ ಒಡೆಯಬೇಕಿಲ್ಲ. ಗಮನಕ್ಕೆ ಬಾರದಷ್ಟು ಸಣ್ಣ ಸಣ್ಣ ಅರಿವುಗಳು ಒಳಗೆ ಉಳಿದೇ ಇರುತ್ತವೆ ಎನ್ನುವುದೂ ಅವನ ವಾದ. ನಿಮ್ಮ ಅತ್ತೆಯ ಸಾಸಿವೆ ಡಬ್ಬಿಯನ್ನು ಅವನು ಲಾಕ್ ಮುಂದೆ ಇಡುತ್ತಿದ್ದ ಅನಿಸುತ್ತದೆ.

ಎಲ್ಲರೂ ಇಷ್ಟು ಮೃದುವಾಗಿರಲಿಲ್ಲ. ಡಚ್ ತತ್ವಜ್ಞಾನಿ ಸ್ಪಿನೋಜಾ ತೀರಿದ ವರ್ಷವೇ, 1677ರಲ್ಲಿ, ಅಚ್ಚಾದ ‘ಎಥಿಕ್ಸ್’ನ ನಾಲ್ಕನೇ ಭಾಗದಲ್ಲಿ ಒಬ್ಬ ಸ್ಪ್ಯಾನಿಷ್ ಕವಿ ಬರುತ್ತಾನೆ. ಕಾಯಿಲೆಯಿಂದ ಎದ್ದ ಮೇಲೆ ತಾನು ಬರೆದ ಕಥೆ, ನಾಟಕಗಳು ತನ್ನವು ಎಂದೇ ಅವನು ನಂಬಲಿಲ್ಲ. ಮಾತೃಭಾಷೆಯೂ ಮರೆತಿದ್ದರೆ ಅವನನ್ನು ದೊಡ್ಡ ದೇಹದ ಕೂಸು ಅನ್ನಬಹುದಿತ್ತು. ದೇಹ ಹೆಣವಾಗದೆಯೂ ಸಾಯಬಹುದು ಅಂತ ಸ್ಪಿನೋಜಾ ಬರೆಯುತ್ತಾನೆ. ನಾನು ಈ ಮಾತನ್ನು ಒಪ್ಪಲಾರೆ. ಮರೆತವನ ಸುತ್ತ ಇದ್ದವರು ಸ್ಪಿನೋಜಾನ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ.

ಮರೆವಿನಮನೆ:

ಬೇರೆಯವರ ಸಾಕ್ಷಿ ಅನ್ನುವುದು ನನಗೆ ಚೆನ್ನಾಗಿ ಅರ್ಥವಾಯಿತು. ನಾವು ದಿನಾ ಮಾಡುವುದು ಅದನ್ನೇ.

ಬಿಎ_ಕೊನೆವರ್ಷ:

ಸ್ಕಾಟಿಷ್ ತತ್ವಜ್ಞಾನಿ ಡೇವಿಡ್ ಹ್ಯೂಮ್ ಬಗ್ಗೆ ಯಾರಾದರೂ ಬರೆಯಿರಿ. ನಾನು ಎನ್ನುವುದೇ ಇಲ್ಲ ಅಂದನಲ್ಲಾ, ಆಮೇಲೆ ಹೊಣೆ ಎಲ್ಲಿ ಉಳಿಯಿತು?

ಹೊಳೆಆಚೆ:

ಹ್ಯೂಮ್ ನನ್ನ ವಿಷಯ, ಸ್ವಲ್ಪ ಉದ್ದ ಆದರೆ ಕ್ಷಮಿಸಿ.

ಅವನ ದೊಡ್ಡ ಪುಸ್ತಕ ‘ಟ್ರೀಟಿಸ್’ 1739-40ರಲ್ಲಿ ಬಂತು. ಹೆಸರು ಹಾಕದೆ ಪ್ರಕಟಿಸಿದ, ಮೊದಲ ಸಂಪುಟ ಬಂದಾಗ ವಯಸ್ಸು 27. ಅವನು ಹೇಳುವುದು: ನನ್ನೊಳಗೆ ಇಳಿದು ‘ನಾನು’ ಎಲ್ಲಿ ಅಂತ ಹುಡುಕಿದರೆ ಸಿಗುವುದು ಒಂದು ಬಿಸಿ, ಒಂದು ತಂಪು, ಒಂದು ಬೆಳಕು, ಒಂದು ನೋವು, ಒಂದು ಪ್ರೀತಿ. ಇವು ಯಾವುದೂ ಇಲ್ಲದ ಬರೀ ‘ನಾನು’ ಒಮ್ಮೆಯೂ ಕೈಗೆ ಸಿಕ್ಕಿಲ್ಲ. ಆದ್ದರಿಂದ ನಾನು ಅಂದರೆ ಇಂಥ ಅನುಭವಗಳ ಕಂತೆ. ಮನಸ್ಸು ಒಂದು ರಂಗಮಂದಿರದ ಹಾಗೆ ಅಂದವನೇ, ಕೂಡಲೇ ಎಚ್ಚರಿಸುತ್ತಾನೆ: ವೇಷಗಳು ಬಂದು ಹೋಗುತ್ತವೆ, ಆದರೆ ಆಟ ನಡೆಯುವ ರಂಗಸ್ಥಳ ಅಂತ ಬೇರೆ ಇಲ್ಲ.

ನೆನಪಿನ ಬಗ್ಗೆ ಅವನ ಪ್ರಶ್ನೆ ಬಹಳ ಹರಿತ. 1715ರ ಜನವರಿ 1, 1719ರ ಮಾರ್ಚ್ 11, 1733ರ ಆಗಸ್ಟ್ 3, ಈ ದಿನಗಳಲ್ಲಿ ಏನು ಮಾಡಿದೆ, ಏನು ಯೋಚಿಸಿದೆ ಅಂತ ಯಾರು ಹೇಳಬಲ್ಲರು? ಮರೆತಿದ್ದೇವೆ ಅಂತ ಆ ದಿನದ ನಾನು ಬೇರೆ ಅನ್ನುತ್ತೇವಾ? ಹಾಗಾದರೆ ನೆನಪು ‘ನಾನು’ವನ್ನು ಹುಟ್ಟಿಸುವುದಕ್ಕಿಂತ ಜಾಸ್ತಿ ತೋರಿಸಿಕೊಡುತ್ತದೆ. ಒಂದು ಅನುಭವ ಇನ್ನೊಂದಕ್ಕೆ ಕಾರಣವಾಗುತ್ತಾ ಹೋಗುವ ಸರಪಳಿ ಇದೆಯಲ್ಲ, ಅದು ನೆನಪಿನಾಚೆಗೂ ಚಾಚುತ್ತದೆ. ಗಣರಾಜ್ಯದಲ್ಲಿ ಜನ ಸಾಯುತ್ತಾರೆ, ಹುಟ್ಟುತ್ತಾರೆ, ಕಾನೂನುಗಳೂ ಬದಲಾಗುತ್ತವೆ. ರಾಜ್ಯ ಅದೇ ಅನ್ನುತ್ತೇವೆ. ಹಾಗೆಯೇ ವ್ಯಕ್ತಿ.

ನಾಗಸೇನನ ಮಾವು ಇಲ್ಲಿ ನೆನಪಾದರೆ ಆಶ್ಚರ್ಯವಿಲ್ಲ. ಹ್ಯೂಮ್ ಈ ಪುಸ್ತಕದ ಬಹುಭಾಗ ಬರೆದದ್ದು ಫ್ರಾನ್ಸಿನ ಲಾ ಫ್ಲೆಶ್ ಎಂಬ ಊರಿನಲ್ಲಿ. ಡೆಕಾರ್ಟ್ ಓದಿದ, ಜೆಸ್ಯುಟ್ ಪಂಗಡದ ಪಾದ್ರಿಗಳ ಕಾಲೇಜು ಇದ್ದದ್ದೂ ಅಲ್ಲೇ. ಸಯಾಮಿಗೆ (ಈಗಿನ ಥಾಯ್ಲೆಂಡ್) ಹೋಗಿ ಬಂದಿದ್ದ ದೊಲು ಎಂಬ ಪಾದ್ರಿ ಆಗ ಆ ಕಾಲೇಜಿನಲ್ಲಿದ್ದ. ಬೌದ್ಧ ವಿಚಾರ ಅವನ ಮೂಲಕ ಹ್ಯೂಮ್ ಕಿವಿಗೆ ಬಿದ್ದಿರಬಹುದು ಅಂತ ಮನಶ್ಶಾಸ್ತ್ರಜ್ಞೆ ಆಲಿಸನ್ ಗೋಪ್ನಿಕ್ 2009ರಲ್ಲಿ ಲೇಖನ ಬರೆದರು. ಅದು ಊಹೆ. ಇಬ್ಬರೂ ಒಂದೇ ಊರಿನಲ್ಲಿದ್ದರು ಎನ್ನುವುದು ಮಾತ್ರ ನಿಜ.

ಹೊಣೆ ಎಲ್ಲಿ ಅಂದಿರಲ್ಲ, ಆ ಒಂದು ವಾಕ್ಯವನ್ನು ಜನ ದಾಟಿ ಹೋಗುತ್ತಾರೆ. ವಿಚಾರದ ಮಟ್ಟದಲ್ಲಿ ‘ನಾನು’ ಒಂದು, ನಮ್ಮ ಭಾವನೆಗಳ ಮತ್ತು ನಮ್ಮ ಬಗ್ಗೆ ನಮಗಿರುವ ಕಾಳಜಿಯ ಮಟ್ಟದಲ್ಲಿ ‘ನಾನು’ ಇನ್ನೊಂದು ಅಂತ ಹ್ಯೂಮ್ ಬೇರೆ ಮಾಡುತ್ತಾನೆ. ಕಂತೆಯ ವಾದ ಮೊದಲನೆಯದಕ್ಕೆ. ಎರಡನೇ ಪುಸ್ತಕಕ್ಕೆ ಹೋದರೆ ಹೆಮ್ಮೆ, ನಾಚಿಕೆಗಳ ಗುರಿಯೇ ‘ನಾನು’. ಲಾಕ್ ಒಂದೇ ಕಡೆ ಇಟ್ಟಿದ್ದನ್ನು ಇವನು ಎರಡು ಕೋಣೆ ಮಾಡಿದ.

ಮೊದಲ ಕೋಣೆ ಅವನಿಗೇ ಸರಿಹೋಗಲಿಲ್ಲ. 1740ರ ಅನುಬಂಧದಲ್ಲಿ ಈ ಭಾಗ ಮತ್ತೆ ಓದಿದರೆ ಚಕ್ರವ್ಯೂಹದಲ್ಲಿ ಸಿಕ್ಕಿಕೊಂಡ ಹಾಗಿದೆ ಎಂದು ಬರೆದ. ಬಿಡಿ ಬಿಡಿ ಅನುಭವಗಳನ್ನು ಕಟ್ಟಿ ಒಂದು ಮಾಡುವುದು ಯಾವುದು ಅಂತ ಹೇಳಲಾರೆ ಎಂದ. ಅವನನ್ನು ನಾನು ಗೌರವಿಸುವುದು ಈ ಪುಟಕ್ಕಾಗಿ.

ಅಕ್ಷರದೀಪ:

ಇಷ್ಟು ಹೊತ್ತು ಯಾರನ್ನು ವ್ಯಕ್ತಿ ಅಂತ ಎಣಿಸಿದರು ಎನ್ನುವುದನ್ನು ಯಾರೂ ಕೇಳಲಿಲ್ಲ. ಲಾಕ್‌ನ ಲಕ್ಷಣದಲ್ಲಿ ಬಣ್ಣವಿಲ್ಲ, ಲಿಂಗವಿಲ್ಲ, ಗಿಳಿಗೂ ಬಾಗಿಲು ತೆರೆದಿದೆ ಅಂದಿರಿ. ಆದರೆ ಅದೇ ಲಾಕ್ ಅಮೆರಿಕದ ಕೆರೊಲಿನಾ ವಸಾಹತಿನ ಒಡೆಯರಿಗೆ ಕಾರ್ಯದರ್ಶಿಯಾಗಿದ್ದ. ಗುಲಾಮರ ವ್ಯಾಪಾರ ಮಾಡುತ್ತಿದ್ದ ರಾಯಲ್ ಆಫ್ರಿಕನ್ ಕಂಪನಿಯಲ್ಲಿ ಅವನ ಹಣ ಇತ್ತು. 1669ರ ಕೆರೊಲಿನಾ ಸಂವಿಧಾನ ಸ್ವತಂತ್ರ ಪುರುಷನಿಗೆ ತನ್ನ ಕಪ್ಪು ಗುಲಾಮರ ಮೇಲೆ ಪೂರ್ಣ ಅಧಿಕಾರ ಕೊಟ್ಟಿತು. ಅದರ ಕರಡಿನಲ್ಲಿ ಲಾಕ್ ಪಾಲು ಎಷ್ಟು ಎಂದು ವಿದ್ವಾಂಸರು ಇನ್ನೂ ವಾದಿಸುತ್ತಾರೆ, ಅವನ ಕೈ ಅದನ್ನು ಮುಟ್ಟಿದ್ದು ಮಾತ್ರ ಖಂಡಿತ. ಹೊಣೆ ಹೊರಿಸಲು ವ್ಯಕ್ತಿ ಬೇಕು ಅಂದಾಗ ಗುಲಾಮನೂ ವ್ಯಕ್ತಿ, ತಪ್ಪು ಮಾಡಿದರೆ ಶಿಕ್ಷೆ ಅವನಿಗೇ. ಹಕ್ಕಿನ ಮಾತು ಬಂದಾಗ ಅವನು ಆಸ್ತಿ. ಇದನ್ನು ಪಕ್ಕಕ್ಕೆ ಸರಿಸಿ ಆ ಅಧ್ಯಾಯ ಓದಲು ನನ್ನಿಂದ ಆಗುವುದಿಲ್ಲ.

ಹೆಂಗಸರ ವಿಷಯಕ್ಕೆ ಇಂಗ್ಲಿಷ್ ಲೇಖಕಿ ಮೇರಿ ಆಸ್ಟೆಲ್ 1706ರಲ್ಲಿ ಕೇಳಿದ್ದು ಸಾಕು: ಗಂಡಸರೆಲ್ಲ ಹುಟ್ಟಾ ಸ್ವತಂತ್ರರಾದರೆ ಹೆಂಗಸರೆಲ್ಲ ಹುಟ್ಟಾ ಗುಲಾಮರಾದದ್ದು ಹೇಗೆ?

ಮತ್ತೆ, ಈ ಚರ್ಚೆಯಲ್ಲೇ ಒಬ್ಬ ಹೆಣ್ಣುಮಗಳು ಇದ್ದಳು. ನಾಟಕಕಾರ್ತಿ ಕ್ಯಾಥರೀನ್ ಟ್ರಾಟರ್. 1702ರಲ್ಲಿ ಹೆಸರು ಹಾಕದೆ ಲಾಕ್ ಪರವಾಗಿ ಒಂದು ಪುಸ್ತಕ ಬರೆದಳು. ಲಾಕ್ ಹೇಳುವ ಹಾಗೆ ಆತ್ಮ ಸದಾ ಯೋಚಿಸುತ್ತಿರದಿದ್ದರೆ ದಿನಾ ಬೆಳಿಗ್ಗೆ ಹೊಸ ಆತ್ಮದ ಜೊತೆ ಏಳಬೇಕಾಗುತ್ತದೆ ಅಂತ ಥಾಮಸ್ ಬರ್ನೆಟ್ ಆಕ್ಷೇಪಿಸಿದ್ದ. ನಿಂತ ವಸ್ತು ಮತ್ತೆ ಚಲಿಸಿದರೆ ಅದು ಹೊಸ ವಸ್ತುವಾಗುತ್ತದೆಯೇ ಎನ್ನುವ ದಾರಿಯಲ್ಲಿ ಆಕೆ ಉತ್ತರಿಸಿದಳು. ಬರೆದವರು ಯಾರೆಂದು ತಿಳಿದ ಮೇಲೆ ಲಾಕ್ ಆಕೆಗೆ ಕೃತಜ್ಞತೆಯ ಪತ್ರ ಕಳಿಸಿದ. ಪಠ್ಯಗಳಲ್ಲಿ ಆಕೆಯ ಹೆಸರು ಹುಡುಕಿ ನೋಡಿ.

ಕೋರ್ಟ್‌ಕಟ್ಟೆ:

ಅಕ್ಷರದೀಪ ಅವರು ಹೇಳಿದ್ದು ನಿಜ. ಹೊಣೆ ಒಂದು ಕಡೆ, ಹಕ್ಕು ಇನ್ನೊಂದು ಕಡೆ ಇಟ್ಟರೆ ಅದು ಕಾನೂನೇ ಅಲ್ಲ.

ಸಂಜೆಓದು ಅವರ ಓದಿಗೆ ಹಳೆಯ ಬೆಂಬಲ ಒಂದಿದೆ. 1769ರಲ್ಲಿ ಕೇಂಬ್ರಿಡ್ಜ್‌ನ ಎಡ್ಮಂಡ್ ಲಾ ಎಂಬವನು ಲಾಕ್ ಪರವಾಗಿ ಬರೆದದ್ದು ಹೆಚ್ಚುಕಡಿಮೆ ಇದೇ. ವ್ಯಕ್ತಿ ಒಂದು ವಸ್ತುವಲ್ಲ, ಮನುಷ್ಯನನ್ನು ಹೊಣೆಯ ದೃಷ್ಟಿಯಿಂದ ನೋಡುವ ಬಗೆ. ಆದರೆ ನನಗೆ ಅಂಜಿಕೆ ಇರುವುದು ಇಲ್ಲೇ. ನೋಡುವ ಬಗೆ ಅಂದಮೇಲೆ ನೋಡುವವರ ಕೈಯಲ್ಲಿ ಅಧಿಕಾರ ಬರುತ್ತದೆ. ಗುಲಾಮನನ್ನು ಒಂದು ಕಡೆ ವ್ಯಕ್ತಿ, ಒಂದು ಕಡೆ ಆಸ್ತಿ ಮಾಡಿದ್ದೂ ನೋಡುವವರೇ ಅಲ್ವಾ? ರೀಡ್ ಹೇಳುವುದು ಅದಕ್ಕೇ ನನಗೆ ಹತ್ತಿರ: ನಾನು ಯೋಚನೆಯಲ್ಲ, ಕೆಲಸವಲ್ಲ, ಭಾವನೆಯಲ್ಲ. ಯೋಚಿಸುವ, ಮಾಡುವ, ನೋಯುವ ಒಂದು ನಾನು. ಯಾರೂ ನೋಡದಿದ್ದರೂ ಇರುವ ನಾನು.

ಸಂಜೆಓದು:

ಈ ಮಾತಿಗೆ ತಲೆಬಾಗುತ್ತೇನೆ, ಆದರೂ ಒಂದು ವಾದ ಉಳಿದಿದೆ. ಲೈಬ್ನಿಟ್ಸ್ 1686ರಲ್ಲೇ ಕೇಳಿದ್ದ: ನಿನ್ನನ್ನು ಚೀನಾದ ರಾಜನನ್ನಾಗಿ ಮಾಡುತ್ತೇವೆ, ಆದರೆ ಈವರೆಗೆ ಏನಾಗಿದ್ದೆಯೋ ಅದೆಲ್ಲ ಮರೆಯಬೇಕು ಎಂದರೆ ನಿನಗೆ ಅದರಿಂದ ಏನು ಬಂತು? ನಿನ್ನನ್ನು ಅಳಿಸಿ ಅದೇ ಗಳಿಗೆಯಲ್ಲಿ ಚೀನಾದಲ್ಲೊಬ್ಬ ರಾಜನನ್ನು ಹುಟ್ಟಿಸಿದ್ದಕ್ಕೂ ಇದಕ್ಕೂ ಏನು ಫರಕು? ರೀಡ್ ಹೇಳುವ, ಯಾರೂ ನೋಡದಿದ್ದರೂ ಇರುವ ‘ನಾನು’ ಆ ರಾಜನಲ್ಲಿ ಹಾಗೇ ಉಳಿದಿರಬಹುದು. ಆದರೂ ನನಗೆ ಬೇಕಾದದ್ದು ಯಾವುದೂ ಉಳಿದಿಲ್ಲ. ಆತ್ಮ ಅದೇ ಎಂದು ಸಾಧಿಸಿದರೆ ಸಾಲದು ಅಂತ ಲಾಕ್ ಹೇಳಿದ್ದನ್ನು ಇದು ಇನ್ನೂ ಚೆನ್ನಾಗಿ ಹೇಳುತ್ತದೆ.

ಬಟ್ಲರ್‌ಗೆ ಉತ್ತರ ಕೇಳಿದ್ದರು. ನೆನಪು ಸುಳ್ಳಾಗಬಹುದು, ಮಾಡದ್ದನ್ನು ಮಾಡಿದೆ ಎಂದು ತೋರಬಹುದು ಅಂತ ಲಾಕ್‌ಗೆ ಗೊತ್ತಿತ್ತು. 13ನೇ ಕಲಮಿನಲ್ಲಿ ಅವನು ಅದನ್ನು ದೇವರ ಒಳ್ಳೆಯತನಕ್ಕೆ ಒಪ್ಪಿಸುತ್ತಾನೆ. ಒಬ್ಬನ ಅರಿವನ್ನು ಇನ್ನೊಬ್ಬನಿಗೆ ದಾಟಿಸಿ ದೇವರು ಅನ್ಯಾಯ ಮಾಡುವುದಿಲ್ಲ. ಕುಡುಕನ ವಿಷಯದಲ್ಲೂ ಅಷ್ಟೇ, ಕೆಳಗಿನ ಕೋರ್ಟಿನ ತಪ್ಪನ್ನು ಸರಿಪಡಿಸಲು ಮೇಲೊಂದು ಕೋರ್ಟಿದೆ. 1706ರಿಂದ 1708ರವರೆಗೆ ಲಾಕ್ ಕಡೆಯ ಆಂಟನಿ ಕಾಲಿನ್ಸ್ ಜೊತೆ ನಡೆದ ವಾದದಲ್ಲಿ ಸಾಮ್ಯುಯೆಲ್ ಕ್ಲಾರ್ಕ್ ಸರಿಯಾದ ಜಾಗಕ್ಕೇ ಹೊಡೆದ. ದೇವರು ಒಬ್ಬನ ಅರಿವನ್ನು ಹೊಸ ದೇಹಕ್ಕೆ ಕೊಡಬಲ್ಲನಾದರೆ ನೂರು ದೇಹಗಳಿಗೂ ಕೊಡಬಲ್ಲ, ಆಗ ನೂರೂ ಜನ ಒಬ್ಬನೇ ವ್ಯಕ್ತಿಯೇ?

ಆ ಮೇಲಿನ ಕೋರ್ಟನ್ನು ನಂಬದವರು, ಅಥವಾ ನಂಬಿದರೂ ಅಲ್ಲಿಯವರೆಗೆ ಕಾಯಲಾರದವರು, ಕೆಳಗೆ ಇರುವುದರಲ್ಲೇ ತೀರ್ಮಾನ ಮಾಡಬೇಕು. ಆಗ ಒಬ್ಬನ ಒಳಗಿನ ಅರಿವೊಂದೇ ಸಾಲದು. ಲೈಬ್ನಿಟ್ಸ್ ಹೇಳಿದ ಹೊರಗಿನ ಸಾಕ್ಷಿ ಬೇಕೇ ಬೇಕು. ಮತ್ತು ಆ ಸಾಕ್ಷಿ ಬರೀ ಶಿಕ್ಷೆ ಕೊಡಿಸಲು ಅಂತ ಲೈಬ್ನಿಟ್ಸ್ ಬರೆದಿಲ್ಲ, ಮರೆತವನಿಗೆ ಅವನ ಬದುಕನ್ನು ಹೇಳಿಕೊಡುವವರೂ ಅವರೇ. ವಕೀಲರೇ, ನೀವು ಅಂಜುವ ‘ನೋಡುವವರು’ ಇಲ್ಲೂ ಬಂದರು ಅಂತ ನನಗೆ ಗೊತ್ತು. ಅವರು ಸುಳ್ಳು ಹೇಳಿದರೆ ತಡೆಯುವುದು ಹೇಗೆ ಅಂತ ನಿಮ್ಮ ಕಸುಬಿನವರು ಬರೆದರೆ ಓದುತ್ತೇನೆ.

ಕೋರ್ಟ್‌ಕಟ್ಟೆ:

ಪಾಟೀ ಸವಾಲು ಇರುವುದೇ ಅದಕ್ಕೆ. ಆದರೆ ತನ್ನ ಪರವಾಗಿ ಕೇಳಲು ನೆನಪೇ ಇಲ್ಲದವನ ಕಡೆಯಿಂದ ಪಾಟೀ ಸವಾಲು ಮಾಡುವವರು ಯಾರು ಎನ್ನುವುದು ದೊಡ್ಡ ಪ್ರಶ್ನೆ. ಅದಕ್ಕೆ ಬೇರೆಯೇ ಎಳೆ ಶುರು ಮಾಡೋಣ. ಮರೆವಿನಮನೆ ಮೇಡಂ ಅವರೂ ಅಲ್ಲಿಗೆ ಬರಬೇಕು.